ಮಕ್ಕಳೊಡನೆ ಜಾತ್ರೆಗೆ

ಯಾತ್ರಾ ಎಂಬ ಸಂಸ್ಕೃತ ಶಬ್ದವೇ ನಮ್ಮ ನಾಡಿನ ನಾಲಗೆಯಲ್ಲಿ ಪಳಗಿ ಜಾತ್ರೆಯಾಯಿತೆಂದು ನಿಘಂಟುಕಾರರು ಹೇಳುತ್ತಾರೆ. ಶಬ್ದದ ಮೂಲವು ಒಂದೇ ಆದರೂ ಬಳಕೆಯಲ್ಲಿ ಎರಡಕ್ಕೂ ಬಹಳ ಅಂತರವುಂಟು. ಯಾತ್ರೆಗೆ ಹೊರಡತಕ್ಕವರು ಸಾಮಾನ್ಯವಾಗಿ ವೃದ್ಧರು. ಜಾತ್ರೆಗಾದರೋ ಮೊದಲು ಹೊರಡುವವರು ಮಕ್ಕಳು, ಅನಂತರ ಮಕ್ಕಳ ನೆಪದಿಂದ ಮನೆಯ ಉಳಿದವರೆಲ್ಲರೂ. ಜಾತ್ರೆಗಳ ವಿಷಯವಾಗಿ ಪಂಡಿತರು ಬರೆದಿರುವುದು ಬೇಕಾದಷ್ಟಿದೆ. ಆದರೆ ಎಳೆಯ ಮಕ್ಕಳನ್ನು ಕೈಹಿಡಿದುಕೊಂಡು ಒಂದು ದಿನ ಜಾತ್ರೆಗೆ ಹೋಗಿಬರುವುದು ಹೇಗೆ ಎಂಬ ಸಣ್ಣ ವಿಷಯವನ್ನು ಅವರು ಸಂಸಾರಿಗಳ ಪಾಲಿಗೇ ಬಿಟ್ಟಿದ್ದಾರೆ. ಸಂಸಾರಿಗಳಾದ ನಾವು ಅದನ್ನು ಸ್ವಲ್ಪ ವಿಚಾರಮಾಡಿ ನೋಡೋಣ. ಈ ವಿಚಾರದಲ್ಲಿ ನಮಗಿರುವ ಅಧಿಕಾರವೆಂದರೆ ಒಮ್ಮೆ ತಪ್ಪು ಮಾಡಿ ಕಲಿತದ್ದು, ಅಷ್ಟೆ.

ಅರಸೀಕೆರೆಯವರಾದ ನಮಗೆ ಎರಡು ಜಾತ್ರೆಗಳು ಅನುಕೂಲವಾಗಿವೆ. ಒಂದು, ಊರಿಗೆ ಕೆಲವೇ ಕಿಲೋಮೀಟರು ದೂರದ ಮಾಲೇಕಲ್ಲು ತಿರುಪತಿಯದು. ಇದು ಆಷಾಢ ಮಾಸದಲ್ಲಿ ನಡೆಯುತ್ತದೆ. ಮತ್ತೊಂದು, ಬೇಲೂರಿನ ಚೆನ್ನಕೇಶವಸ್ವಾಮಿಯ ರಥೋತ್ಸವ. ಇದು ಯುಗಾದಿ ಕಳೆದ ಮೇಲೆ ಚೈತ್ರಮಾಸದಲ್ಲಿ ಬರುತ್ತದೆ. ಮಾಲೇಕಲ್ಲು ಹತ್ತಿರವೇನೋ ಸರಿ. ಆದರೆ ಬೆಟ್ಟದ ಮೇಲಿನ ಸ್ವಾಮಿಯ ದರ್ಶನಕ್ಕೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಬೇಕು. ಆಷಾಢದ ಗಾಳಿ, ಜಿಟಿಜಿಟಿ ಮಳೆ, ನೆನೆದು ಜಾರುವ ಕಲ್ಲು, ಇವುಗಳ ನಡುವೆ ಅರ್ಧ ಬೆಟ್ಟದಲ್ಲಿ ಮಗುವು "ನನ್ನ ಕಾಲು ನೋಯುತ್ತದೆ" ಎಂದರೆ ಮಿಕ್ಕ ಮೆಟ್ಟಿಲುಗಳನ್ನು ಹತ್ತುವುದು ನಮ್ಮ ಹೆಗಲು. ಬೇಲೂರಿಗೆ ದೂರ ಹೆಚ್ಚು, ಬಿಸಿಲೂ ಹೆಚ್ಚು. ನೆಲ ಮಾತ್ರ ಸಮತಟ್ಟು. ಅಲ್ಲದೆ ದಾರಿಯಲ್ಲಿಯೇ ಹಳೇಬೀಡು ಸಿಕ್ಕುತ್ತದೆ. ಐದು ವರ್ಷದ ಒಬ್ಬ ಹುಡುಗ, ಒಂಬತ್ತು ವರ್ಷದ ಅವನ ಅಕ್ಕ, ಅರವತ್ತು ದಾಟಿದ ಒಬ್ಬ ಅಜ್ಜಿ, ಇಂತಹ ಪರಿವಾರವನ್ನು ಕಟ್ಟಿಕೊಂಡು ನಾವು ಬೇಲೂರನ್ನೇ ಆರಿಸಿಕೊಂಡೆವು.

ಹೊರಡುವಾಗ ಪಾಲಿಸತಕ್ಕ ಮೊದಲನೆಯ ನಿಯಮವೆಂದರೆ ಬೆಳಗಿನ ಬಸ್ಸನ್ನು ಬಿಡಕೂಡದು. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಬೇಲೂರಿಗೆ ಇನ್ನು 16. ಬೆಳಗಿನ ತಂಪಿನಲ್ಲಿ ಮಗುವಿಗೆ ಇರುವ ಸಹನೆಯು ಮಧ್ಯಾಹ್ನಕ್ಕೆ ಇರುವುದಿಲ್ಲ. ಆ ಸಹನೆಯನ್ನು ಎಲ್ಲಿ ಖರ್ಚುಮಾಡಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ನಾವು ಅದನ್ನು ಹಳೇಬೀಡಿನಲ್ಲಿ ಖರ್ಚುಮಾಡಿದೆವು.

ಹೊಯ್ಸಳೇಶ್ವರನ ಗುಡಿಯ ಗೋಡೆಯ ಬುಡದಲ್ಲಿ ಒಂದರ ಮೇಲೊಂದರಂತೆ ಎಂಟು ಪಟ್ಟಿಕೆಗಳಿವೆ. ಕೆಳಗಿನಿಂದ ಎಣಿಸಿದರೆ ಆನೆ, ಸಿಂಹ, ಬಳ್ಳಿ, ಕುದುರೆಯ ಸವಾರರು, ಮತ್ತೆ ಬಳ್ಳಿ, ರಾಮಾಯಣ ಭಾರತ ಭಾಗವತಗಳ ಕಥೆಗಳು, ಮಕರ, ಹಂಸ. ನಾವು ದೊಡ್ಡವರು ಗುಡಿಯ ಮುಂದೆ ನಿಂತೊಡನೆ ನಮ್ಮ ದೃಷ್ಟಿ ಮೇಲಿನ ದೊಡ್ಡ ವಿಗ್ರಹಗಳಿಗೆ ಹೋಗುತ್ತದೆ. ಬಹಳವೆಂದರೆ ಕಥೆಗಳ ಪಟ್ಟಿಕೆಗೆ ಇಳಿಯುತ್ತದೆ. ಆನೆಗಳನ್ನು ಸಾಲಾಗಿ ಒಮ್ಮೆ ನೋಡಿ ಮುಂದಕ್ಕೆ ನಡೆಯುತ್ತೇವೆ. ನಮ್ಮ ಹುಡುಗನು ಹಾಗೆ ಮಾಡಲಿಲ್ಲ. ಅವನು ಕುಕ್ಕುರುಗಾಲಿನಲ್ಲಿ ಕುಳಿತು, ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರದಿಂದ ಒಂದೊಂದೇ ಆನೆಯನ್ನು ನೋಡತೊಡಗಿದನು. ಒಂದು ಸೊಂಡಿಲನ್ನು ಸುರುಳಿ ಸುತ್ತಿದೆ, ಮತ್ತೊಂದು ಮುಂದಿನದರ ಬಾಲದ ಬಳಿಗೆ ಚಾಚಿದೆ ಎಂದು ಅವನು ಕೂಗಿ ಹೇಳಿದ ಮೇಲೆಯೇ ಇವು ಒಂದೇ ಅಚ್ಚಿನವಲ್ಲವೆಂಬುದು ನಮಗೆ ಕಂಡದ್ದು. ಎಷ್ಟೋ ಸಲ ಆ ಗುಡಿಯನ್ನು ಸುತ್ತಿದ್ದ ನಮಗೆ ಸ್ವಲ್ಪ ನಾಚಿಕೆಯೇ ಆಯಿತು. ಗುಡಿಯ ಆ ಭಾಗವು ಮಗುವಿನ ಎತ್ತರಕ್ಕೆ ಸರಿಯಾಗಿದೆ ಎಂದುಕೊಂಡು ಬಸ್ಸು ಹತ್ತಿದೆವು. ಆ ಮಾತನ್ನು ಅಲ್ಲಿಯೇ ಮರೆತದ್ದು ನಮ್ಮ ತಪ್ಪು.

ಬೇಲೂರಿನ ಗುಡಿಯು 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾದುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮದನಿಕೆಯರ ವಿಗ್ರಹಗಳನ್ನು ಎಣಿಸುವುದು ಒಂಬತ್ತು ವರ್ಷದವಳಿಗೆ ಒಳ್ಳೆಯ ಆಟ. ಹೊರಗೆ 38, ಒಳಗೆ 4 ಎಂದು ಲೆಕ್ಕ ಸರಿಹೊಂದುವವರೆಗೆ ಅವಳು ನಮ್ಮನ್ನು ಬಿಡಲಿಲ್ಲ. ಐದು ವರ್ಷದವನಿಗಾದರೋ ಅಂಗಳದ ದೀಪದ ಕಂಬವೇ ಸಾಕಾಯಿತು. ಸುಮಾರು 42 ಅಡಿ ಎತ್ತರದ ಆ ಏಕಶಿಲೆಯ ಕಂಬವು ನೆಲದಲ್ಲಿ ಹೂತಿಲ್ಲ. ತನ್ನ ಭಾರದಿಂದಲೇ ಜಗತಿಯ ಮೇಲೆ ನಿಂತಿದೆ. ಒಂದು ಪಾರ್ಶ್ವದಲ್ಲಿ ಬುಡಕ್ಕೂ ಕಲ್ಲಿಗೂ ನಡುವೆ ಕಾಗದವೊಂದು ತೂರುವಷ್ಟು ಎಡೆಯಿದೆ.

ಇಲ್ಲಿ ಅಜ್ಜಿಯರಿಗೆ ಒದಗುವ ಕಥೆಯೊಂದುಂಟು. ಚೆನ್ನಕೇಶವನ ದೇವಿಯು ಬಾಬಾಬುಡನ್ ಗಿರಿಯಲ್ಲಿ ಇದ್ದಾಳಂತೆ. ಸ್ವಾಮಿಯು ಆಗಾಗ್ಗೆ ಪಾದರಕ್ಷೆಗಳನ್ನು ಮೆಟ್ಟಿ ಅಲ್ಲಿಗೆ ಹೋಗಿಬರುತ್ತಾನಂತೆ. ಅವು ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಪಾದರಕ್ಷೆ ಹೊಲಿಯುವವರಿಗೆ ಕನಸಿನಲ್ಲಿ ಅಪ್ಪಣೆಯಾಗಿ, ಅವರು ಹೊಸ ಜೋಡನ್ನು ತಂದು ಒಪ್ಪಿಸುತ್ತಾರೆಂದು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ದೇವರಿಗೂ ಜೋಡು ಸವೆಯುತ್ತದೆಂಬುದನ್ನು ಕೇಳಿ ನಮ್ಮ ಹುಡುಗನಿಗೆ ಬಹಳ ಸಮಾಧಾನವಾಯಿತು. ಅವನಿಗೆ ಜೋಡಿನ ಚಿಂತೆ ಬಂದದ್ದಕ್ಕೆ ಕಾರಣವುಂಟು. ಚೈತ್ರದ ಹಗಲಿನಲ್ಲಿ ಗುಡಿಯ ಅಂಗಳದ ಹಾಸುಗಲ್ಲು ಕಾದ ಕಾವಲಿಯಂತಾಗುತ್ತದೆ. ಜೋಡನ್ನು ಹೊರಗೆ ಬಿಟ್ಟ ದೊಡ್ಡವರು ದಾಪುಗಾಲು ಹಾಕಿ ನೆರಳು ಸೇರುತ್ತಾರೆ. ಅದೇ ದೂರಕ್ಕೆ ಮಗುವು ಎರಡರಷ್ಟು ಹೆಜ್ಜೆಗಳನ್ನು ಇಡಬೇಕು, ಎರಡರಷ್ಟು ಸಲ ಸುಟ್ಟುಕೊಳ್ಳಬೇಕು. ಒಂದು ಜೊತೆ ದಪ್ಪನೆಯ ಕಾಲುಚೀಲವನ್ನು ಚೀಲದಲ್ಲಿ ಇಟ್ಟುಕೊಂಡಿದ್ದರೆ ಈ ಕಷ್ಟವು ಪರಿಹಾರವಾಗುತ್ತದೆ.

ಇನ್ನು ತೇರಿನ ಮಾತು. ತೇರನ್ನು ನೋಡುವುದಕ್ಕೆ ಮೊದಲು ಅದು ನಡೆಯುವ ಬಗೆಯನ್ನು ತಂದೆತಾಯಿಗಳು ತಿಳಿದಿರಬೇಕು. ತೇರು ನೋಡುವುದಕ್ಕೆ ಗಾಡಿಯಂತಿದ್ದರೂ ಗಾಡಿಗಿರುವ ಅನುಕೂಲಗಳು ಅದಕ್ಕಿಲ್ಲ. ಎತ್ತಿನ ಗಾಡಿಯನ್ನು ನೊಗದಿಂದ ತಿರುಗಿಸಬಹುದು, ಮೋಟಾರನ್ನು ಚಕ್ರ ಹಿಡಿದು ತಿರುಗಿಸಬಹುದು. ತೇರಿನ ಅಚ್ಚುಗಳಾದರೋ ತಿರುಗುವಂತಹವಲ್ಲ. ಮುಂದೆ ಮಿಣಿಯನ್ನು ಹಿಡಿದ ನೂರಾರು ಜನರು ಎಳೆಯುತ್ತಾರೆ. ಚಕ್ರದ ಬಳಿ ಇರುವ ಕೆಲವರು ಗಾಲಿಯ ಕೆಳಗೆ ಮರದ ಬೆಣೆಯನ್ನು ಕೊಟ್ಟು, ಒಂದು ಪಕ್ಕದ ಗಾಲಿಯನ್ನು ತಡೆದು, ತೇರಿನ ಮುಖವನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ನಿಲ್ಲಿಸುವುದಕ್ಕೂ ಆ ಬೆಣೆಯೇ ಗತಿ. ನಿಂತ ತೇರನ್ನು ಕದಲಿಸಲು ಬಹಳ ಬಲ ಬೇಕು; ಕದಲಿದ ಮೇಲೆ ಅಷ್ಟು ಬಲ ಬೇಕಾಗುವುದಿಲ್ಲ. ಎಳೆಯುವವರು ಮಾತ್ರ ಅದೇ ಬಲದಿಂದ ಎಳೆಯುತ್ತಲೇ ಇರುವರಾದ್ದರಿಂದ, ಬಹಳ ಹೊತ್ತು ಅಲ್ಲಾಡದೆ ನಿಂತ ತೇರು ಕದಲಿದೊಡನೆ ಹತ್ತಿಪ್ಪತ್ತು ಗಜ ಒಂದೇ ಬಾರಿಗೆ ನುಗ್ಗುವುದುಂಟು. ಆಗ ಮುಂದಿನ ಜನರು ಹಿಂದಕ್ಕೆ ಸರಿಯುತ್ತಾರೆ, ಪಕ್ಕದವರು ಒತ್ತಿಕೊಳ್ಳುತ್ತಾರೆ, ಹಿಂದಿನವರು ಮುಂದಕ್ಕೆ ಓಡುತ್ತಾರೆ. ಆದುದರಿಂದ ಮಕ್ಕಳಿರುವವರು ತೇರಿನ ಮುಂದಾಗಲಿ ಗಾಲಿಯ ಪಕ್ಕದಲ್ಲಾಗಲಿ ನಿಲ್ಲಕೂಡದು. ರಥಬೀದಿಯ ಮನೆಯ ಜಗಲಿಯೊಂದನ್ನು ಆಶ್ರಯಿಸುವುದು ಉತ್ತಮ. ಅದಿಲ್ಲದಿದ್ದರೆ ತೇರು ಮುಂದೆ ಸಾಗಿದ ಮೇಲೆ ಅದರ ಹಿಂದೆ ದೂರದಲ್ಲಿ ನಡೆಯಬಹುದು.

ಇಷ್ಟನ್ನೂ ತಿಳಿದಿದ್ದು ನಾವು ಮಾಡಿದ್ದೇನು? ನಮ್ಮ ಸೀಮೆಯಲ್ಲಿ ಬಾಳೆಯ ಹಣ್ಣಿಗೆ ದವನದ ಎಸಳನ್ನು ಸಿಕ್ಕಿಸಿ ತೇರಿನ ಕಲಶದತ್ತ ಎಸೆಯುವ ವಾಡಿಕೆ. ಜನದ ಹಿಂದಿನಿಂದ ಎಸೆದರೆ ಅದು ಮುಂದಿನವರ ತಲೆಯನ್ನು ಸೇರುತ್ತದೆಯೇ ಹೊರತು ಕಲಶವನ್ನು ಸೇರುವುದಿಲ್ಲ. ನಾವು ನಾಲ್ಕು ಹೆಜ್ಜೆ ಮುಂದೆ ಹೋಗಿ ಎಸೆದುಬರೋಣವೆಂದು ಹುಡುಗನ ಕೈಬಿಟ್ಟು, ಕಡಲೆಪುರಿಯ ಅಂಗಡಿಯೊಂದನ್ನು ತೋರಿಸಿ, "ಇಲ್ಲಿಯೇ ನಿಂತಿರು, ಕದಲಬೇಡ" ಎಂದೆವು. ತಾಯಿಯು ಮಗನು ತಂದೆಯೊಡನಿದ್ದಾನೆಂದು ತಿಳಿದಳು. ಅಜ್ಜಿಯು ತಾಯಿಯೊಡನಿದ್ದಾನೆಂದು ತಿಳಿದರು. ಅಷ್ಟರಲ್ಲಿ ತೇರು ಕದಲಿತು. ಜನರ ನೂಕಿಗೆ ಸಿಕ್ಕಿ ನಾವು ಐವತ್ತು ಗಜ ಆಚೆಗೆ ಹೋಗಿ ನಿಂತೆವು. ಅಲ್ಲಿ ಮೂವರೂ ಕೂಡಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಾಗ ಹುಡುಗನು ಯಾರೊಡನೆಯೂ ಇರಲಿಲ್ಲ.

ಆ ಇಪ್ಪತ್ತು ನಿಮಿಷಗಳನ್ನು ವರ್ಣಿಸುವ ಇಚ್ಛೆ ನಮಗಿಲ್ಲ. ಮಗುವು ತೇರಿನ ಹಿಂದೆ ಓಡಿರಬೇಕೆಂದು ನಾವು ತೇರಿನ ಹಿಂದೆ ಓಡಿದೆವು. ಗಾಲಿಗಳ ಬಳಿ ನೋಡಲು ಧೈರ್ಯವಿಲ್ಲದೆ ನೋಡಿದೆವು. ಪೊಲೀಸಿನವರಿಗೆ ಹೇಳಿ ಧ್ವನಿವರ್ಧಕದಲ್ಲಿ ಹೆಸರು ಕೂಗಿಸಿದೆವು. ಆ ವಾದ್ಯಗಳ ಗದ್ದಲದಲ್ಲಿ ಐದು ವರ್ಷದ ಮಗು ತನ್ನ ಹೆಸರನ್ನು ಕೇಳಿ ಗುರುತಿಸಿ ಬರುವುದೆಂದು ಆಶಿಸುವುದು ಹುಚ್ಚುತನ. ಕೊನೆಗೆ ಅವನ ಅಕ್ಕನೇ, "ನೀವು ಅವನನ್ನು ಎಲ್ಲಿ ನಿಲ್ಲಿಸಿದಿರೋ ಅಲ್ಲಿ ನೋಡಿದಿರಾ, ಅಪ್ಪಾ?" ಎಂದು ಕೇಳಿದಳು. ನಾವು ಅಲ್ಲಿ ನೋಡಿರಲಿಲ್ಲ.

ಅಂಗಡಿಯ ಮುದುಕಿ ಅವನನ್ನು ಒಳಗೆ ಕರೆದು ಪುರಿಯ ಮೂಟೆಯ ಮೇಲೆ ಕೂರಿಸಿದ್ದಳು. "ನಿಮ್ಮ ತಾವ ಕರ್ಕೊಂಡು ಹೋಗ್ತೀನಿ ಬಾ ಮಗ ಅಂದ್ರೆ ಬರಾಕಿಲ್ಲ ಅಂತಾನೆ ಸ್ವಾಮಿ, ಕದಲಬೇಡ ಅಂದವ್ರೆ ಅಂತಾನೆ" ಎಂದಳು. ಹುಡುಗನು ಅಳುತ್ತಿರಲಿಲ್ಲ; ತಾಯಿಯನ್ನು ಕಂಡ ಮೇಲೆ ಅತ್ತನು. ತೇರನ್ನು ನೋಡಿದೆಯಾ ಎಂದು ಕೇಳಿದ್ದಕ್ಕೆ, "ಇಲ್ಲ, ಬರೀ ಜನರ ಬೆನ್ನು" ಎಂದನು. ಆಗ ನಾವು ಅವನನ್ನು ನಿಲ್ಲಿಸಿದ್ದ ಜಾಗದಲ್ಲಿ ಮಂಡಿಯೂರಿ ಕುಳಿತು ನೋಡಿದೆವು. ಮೂರೂವರೆ ಅಡಿಯ ಎತ್ತರದಲ್ಲಿ ಜಾತ್ರೆಯೇ ಇಲ್ಲ. ಪಂಚೆಗಳು, ಸೀರೆಯ ನೆರಿಗೆಗಳು, ಮುಖಕ್ಕೆ ತಾಗುವ ಚೀಲಗಳು, ಧೂಳು. ತೇರನ್ನು ತೋರಿಸುತ್ತೇವೆಂದು ಅಷ್ಟು ದೂರ ಕರೆತಂದು ನಾವು ಅವನಿಗೆ ತೋರಿಸಿದ್ದು ಇಷ್ಟು. ಹಳೇಬೀಡಿನಲ್ಲಿ ನಮ್ಮ ಕಣ್ಣಿಗೆ ತಪ್ಪಿದ್ದನ್ನು ಅವನು ತೋರಿಸಿದ್ದನು. ಇಲ್ಲಿ ಅವನ ಕಣ್ಣಿಗೆ ಏನು ಕಾಣುವುದೆಂಬುದನ್ನು ನಾವು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಆದುದರಿಂದ ನಮ್ಮ ಅನುಭವದಿಂದ ಹೊರಡುವ ಸೂಚನೆಗಳು ಹೀಗಿವೆ. ಒಂದು ಮಗುವಿಗೆ ಒಬ್ಬ ದೊಡ್ಡವರೆಂದು ಮೊದಲೇ ಹೆಸರು ಹಿಡಿದು ಗೊತ್ತುಮಾಡಬೇಕು. ಎಲ್ಲರೂ ನೋಡಿಕೊಳ್ಳುವ ಮಗುವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಊರಿನ ಹೆಸರನ್ನೂ ಮೊಬೈಲ್ ಫೋನಿನ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಅಂಗಿಯ ಒಳಜೇಬಿನಲ್ಲಿಡಬೇಕು. ಅಂಗಿಯ ಹೊರಗೆ ಮಗುವಿನ ಹೆಸರನ್ನು ಬರೆಯುವುದು ಒಳ್ಳೆಯದಲ್ಲ, ಹೆಸರು ಹಿಡಿದು ಕರೆದವರನ್ನು ಮಗುವು ಪರಿಚಿತರೆಂದೇ ನಂಬುತ್ತದೆ. ತಪ್ಪಿಸಿಕೊಂಡರೆ ನಿಂತಲ್ಲಿಯೇ ನಿಲ್ಲಬೇಕೆಂದು ಮಗುವಿಗೂ, ಮಗುವನ್ನು ಕಡೆಯ ಸಲ ಕಂಡ ಸ್ಥಳಕ್ಕೇ ಮೊದಲು ಹೋಗಬೇಕೆಂದು ನಮಗೂ ಪಾಠವಾಗಿರಬೇಕು. ಅಂಗಡಿಯ ಹೆಂಗಸನ್ನೋ ಮಕ್ಕಳನ್ನು ಕರೆತಂದ ತಾಯಿಯನ್ನೋ ಪೊಲೀಸಿನವರನ್ನೋ ಸಹಾಯ ಕೇಳುವುದನ್ನು ಮನೆಯಲ್ಲಿ ಆಟವಾಗಿ ಕಲಿಸಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ತುರ್ತು ಸಹಾಯಕ್ಕೆ 112. ಹೊರಡುವ ಮುನ್ನ ಮಕ್ಕಳ ಚಿತ್ರವೊಂದನ್ನು ಆ ದಿನದ ಉಡುಪಿನಲ್ಲಿಯೇ ಫೋನಿನಲ್ಲಿ ತೆಗೆದಿಟ್ಟುಕೊಂಡರೆ, ಅಂಗಿಯ ಬಣ್ಣ ಯಾವುದೆಂದು ಪೊಲೀಸಿನವರು ಕೇಳಿದಾಗ ನಮ್ಮಂತೆ ತೊದಲಬೇಕಾಗುವುದಿಲ್ಲ.

ಅನಂತರದ ಹೊತ್ತು ಸುಖವಾಗಿ ಕಳೆಯಿತು. ಹುಡುಗನು ತಂದೆಯ ಹೆಗಲೇರಿ ತೇರಿನ ಕಲಶವನ್ನು ಕಂಡನು. ಆಮೇಲೆ ಅವನ ಎತ್ತರಕ್ಕೆ ತಕ್ಕ ಜಾತ್ರೆಯನ್ನು ನೋಡಲು ಅಂಗಡಿಗಳ ಸಾಲಿಗೆ ಹೋದೆವು. ಮಕ್ಕಳಿಗೆ ಜಾತ್ರೆಯೆಂದರೆ ಇದೇ. ಇಲ್ಲಿ ಅವರ ಪ್ರಶ್ನೆಗಳೂ ಆರಂಭವಾಗುತ್ತವೆ. ಬೆಂಗಳೂರಿನವರು ಕಡಲೆಪುರಿಯೆನ್ನುವ, ದಾವಣಗೆರೆಯ ಕಡೆಯವರು ಮಂಡಕ್ಕಿಯೆನ್ನುವ ಆ ಬಿಳಿಯ ಕಾಳು ಅಕ್ಕಿಯಿಂದಲೇ ಆದದ್ದೆಂದರೆ ಮಗು ನಂಬುವುದಿಲ್ಲ. ಹದಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹಾಕಿದಾಗ ಕಾಳಿನೊಳಗಿನ ಅಲ್ಪ ತೇವವು ಆವಿಯಾಗಿ, ಹೊರಬರಲು ದಾರಿ ಕಾಣದೆ ಕಾಳನ್ನೇ ಉಬ್ಬಿಸಿಬಿಡುತ್ತದೆ. ಬತ್ತಾಸಿನ ಹಗುರಕ್ಕೂ ಒಳಗೆ ಸೇರಿದ ಗಾಳಿಯೇ ಕಾರಣ.

ಬಿದಿರಿನ ಕೋಲಿಗೆ ಬಣ್ಣದ ಪಾಕವನ್ನು ಸುತ್ತಿ, ತುದಿಯಲ್ಲಿ ಚಪ್ಪಾಳೆ ತಟ್ಟುವ ಬೊಂಬೆಯನ್ನು ಕೂರಿಸಿಕೊಂಡು ಬರುವ ಮಿಠಾಯಿಯವನು ಈಗ ಅಪರೂಪವಾಗಿದ್ದಾನೆ. ಪಾಕವನ್ನು ಎಳೆದೆಳೆದು ಅವನು ಮಣಿಕಟ್ಟಿಗೆ ಕಟ್ಟುವ ಗಡಿಯಾರವು ಎಂದೂ ಸರಿಯಾದ ಹೊತ್ತನ್ನು ತೋರಿಸದಿದ್ದರೂ ಅದನ್ನು ಕೊಂಡವರು ನಷ್ಟಪಟ್ಟದ್ದಿಲ್ಲ. ಅವನ ಸ್ಥಾನಕ್ಕೆ ಬಂದಿರುವುದು ಹತ್ತಿಯಂತಹ ಸಕ್ಕರೆಯ ಮಿಠಾಯಿ. ಕರಗಿದ ಸಕ್ಕರೆಯನ್ನು ವೇಗವಾಗಿ ತಿರುಗುವ ಬಟ್ಟಲಿನ ಸಣ್ಣ ರಂಧ್ರಗಳಿಂದ ಹೊರಕ್ಕೆ ಚಿಮ್ಮಿಸಿದರೆ ಅದು ಗಾಳಿಯಲ್ಲಿ ಆರಿ ನೂಲಾಗುತ್ತದೆ. ಈ ಯಂತ್ರವನ್ನು 1897ರಲ್ಲಿ ಅಮೆರಿಕದ ಮಾರಿಸನ್, ವಾರ್ಟನ್ ಎಂಬಿಬ್ಬರು ನಿರ್ಮಿಸಿದರು. 1904ರ ಸೇಂಟ್ ಲೂಯಿ ಪ್ರದರ್ಶನದಲ್ಲಿ ಅದು ಪ್ರಸಿದ್ಧಿಗೆ ಬಂದಿತು. ಇವರಲ್ಲಿ ಮಾರಿಸನ್ನನು ದಂತವೈದ್ಯನೆಂಬುದನ್ನು ಕೇಳುಗರು ಗಮನಿಸಬೇಕು! ಇದರ ಕಡುಗೆಂಪು ಬಣ್ಣದ ವಿಷಯದಲ್ಲಿ ಮಾತ್ರ ವಿನೋದವಿಲ್ಲ. ಬಟ್ಟೆಗೆ ಹಾಕತಕ್ಕ ರೋಡಮಿನ್ ಎಂಬ ಬಣ್ಣವು ಇದರಲ್ಲಿ ಪತ್ತೆಯಾದುದರಿಂದ 2024ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಕೃತಕ ಬಣ್ಣ ಬೆರೆಸಿದ ಮಿಠಾಯಿಯನ್ನು ನಿಷೇಧಿಸಿತು. ಬಿಳಿಯದನ್ನೇ ಕೇಳಿ ಕೊಡಿಸಿರಿ.

ಇನ್ನು ತಿರುಗುವ ತೊಟ್ಟಿಲು. ಇದು ವಿಲಾಯಿತಿಯ ಹೊಸ ವಿನೋದವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಆದರೆ ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿಯು 1620ರಲ್ಲಿಯೇ ತುರ್ಕರ ರಾಜ್ಯದಲ್ಲಿ ಇಂತಹ ರಾಟೆಗಳನ್ನು ಕಂಡು ಬರೆದಿದ್ದಾನೆ. ಫೆರಿಸ್ ಎಂಬ ಎಂಜಿನಿಯರನು 1893ರ ಷಿಕಾಗೋ ಪ್ರದರ್ಶನದಲ್ಲಿ ನಿಲ್ಲಿಸಿದ 264 ಅಡಿಯ ಉಕ್ಕಿನ ಚಕ್ರವು ಅದರ ಬೃಹದ್ರೂಪ. ನಮ್ಮ ಜಾತ್ರೆಗಳಲ್ಲಿ ಒಬ್ಬನು ಕೈಯಿಂದಲೇ ತಿರುಗಿಸುತ್ತಿದ್ದ ನಾಲ್ಕು ತೊಟ್ಟಿಲುಗಳ ಮರದ ರಾಟೆಗೂ ಇಂದಿನ ದೀಪಾಲಂಕೃತ ಯಂತ್ರಕ್ಕೂ ತತ್ತ್ವವೊಂದೇ. ಇಳಿಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆಂದು ಮಕ್ಕಳು ಹೇಳುವುದು ನಿಜ. ಆಸನವು ನಮ್ಮ ಕೆಳಗಿನಿಂದ ಬೇಗನೆ ಇಳಿಯುವಾಗ ಅದು ನಮ್ಮನ್ನು ಹೊರುವ ಬಲವು ಕ್ಷಣಕಾಲ ಕಡಿಮೆಯಾಗಿ, ನಾವು ಹಗುರವಾದಂತೆ ಭಾಸವಾಗುತ್ತದೆ. ಹತ್ತಿಸುವ ಮುನ್ನ ಅಡ್ಡಪಟ್ಟಿಯ ಚಿಲಕವು ಭದ್ರವಾಗಿದೆಯೇ ಎಂದು ಕೈಯಿಂದಲೇ ಎಳೆದು ನೋಡಬೇಕು. ನಮ್ಮ ಹುಡುಗಿಯು ಎರಡು ಸಲ ಹತ್ತಿದಳು. ಹುಡುಗನು ಬೇಡವೆಂದನು. "ಗಂಡುಹುಡುಗ, ಹೆದರುವುದೇ?" ಎಂದು ಪಕ್ಕದವರೊಬ್ಬರು ಹುರಿದುಂಬಿಸಲು ಬಂದರು. ನಾವು ಒಪ್ಪಲಿಲ್ಲ. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ ಮಗುವಿನ ಮಾತಿಗೆ ಬೆಲೆಯಿಲ್ಲವೆಂದು ಕಲಿಸಿದರೆ, ನಾಳೆ ಹೇಳಲೇಬೇಕಾದುದನ್ನೂ ಅದು ಹೇಳದೆಹೋದೀತು.

ಮಕ್ಕಳ ಕೈಗೆ ಸ್ವಲ್ಪ ಹಣವನ್ನು ಕೊಟ್ಟು, ಇಷ್ಟರಲ್ಲಿ ನಿಮಗೆ ಬೇಕಾದುದನ್ನು ಕೊಳ್ಳಿರಿ ಎಂದು ಬಿಟ್ಟರೆ ಹಟವು ಅರ್ಧ ಕಡಿಮೆಯಾಗುತ್ತದೆ. ಹುಡುಗಿಯು ಮೂರು ಅಂಗಡಿಗಳನ್ನು ತಿರುಗಿ ಚೌಕಾಸಿಮಾಡಿ ಬಳೆಗಳನ್ನು ಕೊಂಡಳು. ಹುಡುಗನು ಮೊದಲನೆಯ ಅಂಗಡಿಯಲ್ಲಿಯೇ ಒಂದು ಪೀಪಿಯನ್ನು ಕೊಂಡನು. ಮುಂದಿನ ಎರಡು ದಿನ ಮನೆಯವರೆಲ್ಲರೂ ಅದರ ಬೆಲೆಯನ್ನು ತೆತ್ತೆವು. ಕತ್ತಲಾಗುವ ಮುನ್ನ, ಮಕ್ಕಳು "ಇನ್ನೂ ಇರೋಣ" ಎನ್ನುತ್ತಿರುವಾಗಲೇ ಹೊರಟುಬಿಡುವುದು ಕ್ಷೇಮ. "ಮನೆಗೆ ಹೋಗೋಣ" ಎಂದು ಅವರೇ ಅಳತೊಡಗುವವರೆಗೆ ಕಾದರೆ ಬಸ್ಸಿನಲ್ಲಿ ನೆನಪಿರುವುದು ಆ ಅಳುವೊಂದೇ.

ಮಾರನೆಯ ದಿನ ಹುಡುಗನು ಜಾತ್ರೆಯ ಚಿತ್ರವನ್ನು ಬರೆದನು. ಅದರಲ್ಲಿ ಸೊಂಡಿಲು ಸುತ್ತಿದ ಒಂದು ಆನೆಯಿತ್ತು, ಪುರಿಯ ಮೂಟೆಯಿತ್ತು, ಮೂಟೆಯ ಪಕ್ಕದಲ್ಲಿ ಒಬ್ಬ ಮುದುಕಿಯಿದ್ದಳು. ತೇರು ಕಾಗದದ ಮೇಲ್ತುದಿಯಲ್ಲಿ ಬೆರಳಿನಷ್ಟು ಇತ್ತು. ನಾವು ಎಲ್ಲಿದ್ದೇವೆಂದು ಕೇಳಿದ್ದಕ್ಕೆ, "ನೀವು ಆಗ ಇರಲಿಲ್ಲವಲ್ಲ" ಎಂದನು. ಆ ಚಿತ್ರವನ್ನು ಗೋಡೆಗೆ ಅಂಟಿಸಿದ್ದೇವೆ. ಬರುವ ಚೈತ್ರದಲ್ಲಿಯೂ ಬೇಲೂರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಆ ಮುದುಕಿಯ ಅಂಗಡಿಯಲ್ಲಿಯೇ ಪುರಿಯನ್ನು ಕೊಳ್ಳಬೇಕೆಂದು ಅಜ್ಜಿಯ ಅಪ್ಪಣೆ. ಬಾಳೆಯ ಹಣ್ಣನ್ನು ಈ ಸಲ ಹಿಂದಿನಿಂದಲೇ ಎಸೆಯುತ್ತೇವೆ. ಅದು ಯಾರ ತಲೆಯ ಮೇಲೆ ಬಿದ್ದರೂ ಅವರು ಕ್ಷಮಿಸಬೇಕು.